ಹೊಗೆಯ ಬೆಲೆ, ಬಡವರ ಪಾಲು

ಪೋಪ್ ಫ್ರಾನ್ಸಿಸರು 2015ರಲ್ಲಿ ಹೊರಡಿಸಿದ ‘ಲೌದಾತೊ ಸಿ’ ವಿಶ್ವಪತ್ರದ 171ನೆಯ ಪರಿಚ್ಛೇದ ಚಿಕ್ಕದು, ಮಾತು ಮಾತ್ರ ಖಾರವಾದುದು. ಇಂಗಾಲದ ಹೊಗೆ ಬಿಡುವ ಹಕ್ಕನ್ನು ‘ಕಾರ್ಬನ್ ಕ್ರೆಡಿಟ್’ ಎಂದು ಕೊಂಡು ಮಾರುವ ಪದ್ಧತಿಯು ಹೊಸದೊಂದು ಸಟ್ಟಾ ವ್ಯಾಪಾರವಾಗಬಹುದು, ಉಳ್ಳವರ ಅತಿಭೋಗಕ್ಕೆ ಆಸರೆಯಾಗಬಹುದು ಎಂದು ಅದು ಎಚ್ಚರಿಸುತ್ತದೆ. ಎಚ್ಚರಿಕೆ ಯುಕ್ತವಾದುದೇ. ಆದರೆ ಹೊಗೆಗೆ ಬೆಲೆ ಕಟ್ಟುವ ದಾರಿ ಅದೊಂದೇ ಅಲ್ಲ. ಸರ್ಕಾರವೇ ಇಂಧನದ ಮೇಲೆ ಕರ ವಿಧಿಸಿ, ಬಂದ ಹಣವನ್ನು ಜನರಿಗೆ ಮರಳಿಸುವ ಕ್ರಮವೂ ಉಂಟು. ಆ ಕುರಿತು ಪರಿಚ್ಛೇದವು ಏನನ್ನೂ ಹೇಳುವುದಿಲ್ಲ. ಭೂಮಿಯ ಕೂಗನ್ನೂ ಬಡವರ ಕೂಗನ್ನೂ ಒಟ್ಟಿಗೆ ಆಲಿಸಬೇಕೆನ್ನುವ ಕೃತಿಯಲ್ಲಿ ಈ ಮೌನ ಸಣ್ಣ ಕೊರತೆಯಲ್ಲ.

ಏಕೆಂದರೆ ಇಲ್ಲಿ ನ್ಯಾಯಾನ್ಯಾಯವನ್ನು ತೀರ್ಮಾನಿಸುವುದು ಬೆಲೆಯಲ್ಲ, ಆ ಹಣ ಯಾರ ಕೈಸೇರುತ್ತದೆ ಎಂಬುದು. ಫ್ರಾನ್ಸಿನಲ್ಲಿ ಅದರ ಬಹುಪಾಲು ಸರ್ಕಾರದ ಬೊಕ್ಕಸಕ್ಕೆ ಹೋಯಿತು. ಬಸ್ಸು ರೈಲುಗಳಿಲ್ಲದ ಊರುಗಳಲ್ಲಿ ಕಾರನ್ನೇ ನಂಬಿ ದುಡಿಮೆಗೆ ಹೋಗುವವರು 2018ರ ನವೆಂಬರಿನಲ್ಲಿ ಹಳದಿ ಅಂಗಿ ತೊಟ್ಟು ಬೀದಿಗಿಳಿದರು. ಮರುತಿಂಗಳೇ ಸರ್ಕಾರವು ಕರದ ಏರಿಕೆಯನ್ನು ಕೈಬಿಟ್ಟಿತು.

ಕೆನಡಾದ ಕಥೆ ಇನ್ನಷ್ಟು ವಿಚಾರಯೋಗ್ಯ. ತಮ್ಮದೇ ವ್ಯವಸ್ಥೆ ಇಲ್ಲದ ಪ್ರಾಂತ್ಯಗಳಲ್ಲಿ 2019ರಲ್ಲಿ ಟನ್ನಿಗೆ 20 ಡಾಲರ್ ಇದ್ದ ಕರ 2024ರಲ್ಲಿ 80ಕ್ಕೆ ಏರಿತು. ಸಂಗ್ರಹದ ಸುಮಾರು ನೂರಕ್ಕೆ ತೊಂಬತ್ತು ಪಾಲು ಕುಟುಂಬಗಳಿಗೇ ಮರಳುತ್ತಿತ್ತು. ಒಂಟೇರಿಯೊದ ನಾಲ್ವರ ಕುಟುಂಬಕ್ಕೆ 2024–25ರಲ್ಲಿ 1,120 ಡಾಲರ್. ಸಿರಿವಂತನ ದೊಡ್ಡ ಮನೆ, ದೊಡ್ಡ ಕಾರು ಹೆಚ್ಚು ಇಂಧನ ನುಂಗುತ್ತವೆ. ಮರಳುವ ಹಣ ಮಾತ್ರ ಕುಟುಂಬದ ಗಾತ್ರಕ್ಕೆ ತಕ್ಕಷ್ಟೇ. ಹೀಗಾಗಿ ಕಡಿಮೆ ಆದಾಯದ ಮನೆಗಳು ಸಾಮಾನ್ಯವಾಗಿ ತೆತ್ತದ್ದಕ್ಕಿಂತ ಹೆಚ್ಚೇ ಪಡೆದವು.

ಲೆಕ್ಕ ಸರಿಯಾಗಿತ್ತು, ತಿಳಿಹೇಳಿದ ರೀತಿ ಸರಿಯಿರಲಿಲ್ಲ. ಪೆಟ್ರೋಲ್ ಬಂಕಿನಲ್ಲಿ ಕರ ಪ್ರತಿಸಲವೂ ಚುಚ್ಚುತ್ತಿತ್ತು. ಮರುಪಾವತಿಯಾದರೋ ಮೂರು ತಿಂಗಳಿಗೊಮ್ಮೆ, ಬಹುಮಂದಿಗೆ ಬ್ಯಾಂಕಿನ ಖಾತೆಗೇ, ಸದ್ದಿಲ್ಲದೆ ಬಂದು ಬೀಳುತ್ತಿತ್ತು. (ಮೊದಲ ವರ್ಷಗಳಲ್ಲಂತೂ ಅದು ಆದಾಯ ತೆರಿಗೆಯ ಲೆಕ್ಕದೊಳಗೇ ಅಡಗಿತ್ತು!) ತಮಗೆಷ್ಟು ಸಿಗುತ್ತಿದೆಯೆಂದು ಅನೇಕರು ಅರಿತಿರಲಿಲ್ಲ. ‘ಕರ ತೊಲಗಲಿ’ ಎಂಬ ಘೋಷಣೆಯ ಮುಂದೆ ಈ ಲೆಕ್ಕ ನಿಲ್ಲಲಿಲ್ಲ. 2025ರ ಏಪ್ರಿಲ್ 1ರಿಂದ ಮಾರ್ಕ್ ಕಾರ್ನಿಯವರ ಸರ್ಕಾರ ಅದನ್ನು ತೆಗೆದುಹಾಕಿತು; ದೊಡ್ಡ ಕಾರ್ಖಾನೆಗಳ ಮೇಲಿನ ಬೆಲೆ ಮಾತ್ರ ಉಳಿಯಿತು.

ಕಡೆಯ ಮರುಪಾವತಿ ಅದೇ ಏಪ್ರಿಲಿನಲ್ಲಿ ಸಂದಿತು. ಪೆಟ್ರೋಲ್ ಅಗ್ಗವಾದಾಗ ಹೆಚ್ಚು ಉಳಿತಾಯವಾದದ್ದು ಎರಡು ಮೂರು ಕಾರುಗಳಿರುವ ಮನೆಗೆ. ಕಾರೇ ಇಲ್ಲದ ಮನೆಗೆ ಅಂಥ ಉಳಿತಾಯ ಅಲ್ಪವೇ; ಬರುತ್ತಿದ್ದ ಹಣವೂ ನಿಂತಿತು.