ಏಕವಚನದ ಹಾಡು

ಹೈದರಾಬಾದಿಗೆ ವರ್ಗವಾಗಿ ಬಂದ ಹೊಸದರಲ್ಲಿ ನನಗೆ ಬರುತ್ತಿದ್ದದ್ದು ಕೌಂಟರಿನ ತೆಲುಗು ಅಷ್ಟೆ. ಸಾಲಕ್ಕೆ ಬಂದ ರೈತ ಕೈಕಟ್ಟಿ ನಿಂತು ‘ಸಾರ್’ ಅನ್ನುತ್ತಿದ್ದ. ಬಾಕಿ ಉಳಿದರೆ ನಾವು ಕಳಿಸುವ ನೋಟೀಸೂ ಬಹುವಚನದಲ್ಲೇ ಹೋಗುತ್ತಿತ್ತು. ಈ ಮರ್ಯಾದೆಯ ಒಳಗುಟ್ಟು ತಿಳಿದದ್ದು ಗದ್ದರ್ ಅವರ ದನಿಯಿಂದ.

ಗೌತಮ್ ಘೋಷ್ ಅವರ ‘ಮಾ ಭೂಮಿ’ ಚಿತ್ರದಲ್ಲಿ ಗದ್ದರ್ ಹಾಡಿದ್ದು ಬಂಡಿ ಯಾದಗಿರಿಯವರ ರಚನೆ. 1946ರಿಂದ 1951ರವರೆಗೆ ನಡೆದ ತೆಲಂಗಾಣ ರೈತ ಹೋರಾಟದ ಹಾಡು. ಬದುಕಿನಲ್ಲಿ ‘ದೊರಾ’ ಎಂದು ಬಗ್ಗಿದವರು ಇಲ್ಲಿ ನಿಜಾಮ ಸರ್ಕಾರವನ್ನೇ ಏಕವಚನದಲ್ಲಿ ಛೇಡಿಸುತ್ತಾರೆ. ಹಾಡಿನ ಜೀವ ಇರುವುದು ಈ ಸಲಿಗೆಯಲ್ಲಿ.

ನಮ್ಮ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ (1975) ನೆನಪಾಗುತ್ತದೆ. ಅಲ್ಲೂ ಕೇರಿಯ ಸಲಿಗೆಯ ಮಾತೇ. ಆದರೆ ಅದು ಹೆಚ್ಚಾಗಿ ತನ್ನವರನ್ನು ಎಬ್ಬಿಸುವ ಕೂಗು. ಇದು ದಣಿಯ ಮುಖಕ್ಕೇ ನಗುವ ನಗು.

ಗದ್ದರ್ ಕೂಡ ಕೆನರಾ ಬ್ಯಾಂಕಿನಲ್ಲಿ ಗುಮಾಸ್ತರಾಗಿದ್ದವರು. ಆ ಕೆಲಸ ಬಿಟ್ಟು ಹಾಡಿಗೆ ಹೋದರು, 1997ರಲ್ಲಿ ಗುಂಡೇಟು ತಿಂದರು, ಆಮೇಲೂ ಹಾಡಿದರು, 2023ರಲ್ಲಿ ತೀರಿಕೊಂಡರು. ಅವರ ಕೆಲವು ಹಾಡು ಬರೀ ಭಾಷಣವಾದದ್ದೂ ಉಂಟು. ಅಚ್ಚಿನಲ್ಲಿ ಓದಿದರೆ ಒಳ್ಳೆಯವೂ ಸಪ್ಪೆ; ಗೆಜ್ಜೆ, ಡಪ್ಪು, ಹಿಂದೆ ದನಿಗೂಡಿಸುವ ಜನ ಬೇಕು.

ಹಾಡಿನಿಂದ ಬಡ್ಡಿ ಒಂದು ಪೈಸೆಯೂ ಇಳಿಯುವುದಿಲ್ಲ, ಲೆಕ್ಕ ಬರೆದವನಿಗೆ ಅದು ಗೊತ್ತು. ಆದರೆ ಕೈಕಟ್ಟಿ ನಿಂತಿದ್ದವನು ಮನಸ್ಸಿನೊಳಗೆ ನನ್ನನ್ನು ಏನೆಂದು ಕರೆಯುತ್ತಿದ್ದನೋ, ಅದು ಈ ಹಾಡಿನಲ್ಲಿ ನನಗೆ ಕೇಳಿಸಿತು.