ಬಾರುಯಿಪುರದ ಕತ್ತರಿಗೆ ಬೆಲೆ ಕಟ್ಟುವ ಬಗೆ

ವೈದ್ಯಕೀಯ ಉಪಕರಣ ತಯಾರಿಸುವ ಸಣ್ಣ ಕಾರ್ಖಾನೆಯೊಂದನ್ನು ಕೊಳ್ಳಲು ಹೊರಟವರು ಮೊದಲು ಹೋಗುವುದು ಆಡಿಟರ್ ಹತ್ತಿರ. ಮೂರು ವರ್ಷದ ಬ್ಯಾಲೆನ್ಸ್ ಶೀಟ್, ಜಿಎಸ್‌ಟಿ ರಿಟರ್ನ್, ಯಂತ್ರಗಳ ಪಟ್ಟಿ, ಜಾಗದ ಪತ್ರ ನೋಡಿ ಅವರು ಒಂದು ಮೊತ್ತ ಹೇಳುತ್ತಾರೆ. ಔಷಧಿ ಅಂಗಡಿಗೋ ಹೋಟೆಲಿಗೋ ಈ ಪದ್ಧತಿ ಸಾಕಾದೀತು. ಕೋಲ್ಕತ್ತದ ದಕ್ಷಿಣಕ್ಕಿರುವ ಬಾರುಯಿಪುರದಂಥ ಕಡೆ ಸಾಲದು. ಅಲ್ಲಿ ಯಾವುದಕ್ಕೆ ಬೆಲೆಯಿದೆಯೋ ಅದನ್ನೇ ಈ ಪದ್ಧತಿ ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂಬುದು ನನ್ನ ತಕರಾರು.

ಸಿಯಾಲ್ದಾದಿಂದ ಲೋಕಲ್ ರೈಲು ಹತ್ತಿದರೆ ಗಂಟೆಯೊಳಗೆ ಸಿಗುವ ಈ ಊರು ಸೀಬೆಹಣ್ಣಿಗೆ ಹೆಸರುವಾಸಿ. ಸುತ್ತಲಿನ ಹಳ್ಳಿಗಳ ಮನೆಗಳಲ್ಲಿ, ತಗಡಿನ ಶೆಡ್ಡುಗಳಲ್ಲಿ ರಕ್ತನಾಳ ಹಿಡಿಯುವ ಆರ್ಟರಿ ಫೋರ್ಸೆಪ್ಸ್, ಕತ್ತರಿ, ಸೂಜಿ ಹಿಡಿಯುವ ನೀಡಲ್ ಹೋಲ್ಡರ್ ತಯಾರಾಗುತ್ತವೆ. ಎಲ್ಲವೂ ಒಂದೇ ಸೂರಿನಡಿ ಆಗುವುದಿಲ್ಲ. ಒಬ್ಬರು ಉಕ್ಕು ಕಾಯಿಸಿ ಬಡಿದು ರೂಪ ಕೊಟ್ಟರೆ, ಅರ ಹಾಕುವುದು ಇನ್ನೊಬ್ಬರ ಮನೆಯಲ್ಲಿ, ಹದ ಮಾಡುವುದು ಮತ್ತೊಂದು ಕಡೆ, ಪಾಲಿಶ್ ಬೇರೆಯವರ ಪಾಲು. ಕೂಲಿ ತುಂಡಿನ ಲೆಕ್ಕ. ಸರಕಿನ ಬಹುಪಾಲು ಕೋಲ್ಕತ್ತದ ವ್ಯಾಪಾರಿಗಳ ಕೈ ಸೇರುತ್ತದೆ. ಅನೇಕ ವೇಳೆ ಅದರ ಮೇಲೆ ಬೀಳುವುದು ಅವರ ಮುದ್ರೆಯೇ. ಹಾಗಿರುವಾಗ 'ಗುಡ್‌ವಿಲ್' ಎಂದು ಮಾರುವವನು ಕೇಳುವ ಹಣ ಯಾವುದಕ್ಕೆ? ಹೆಸರು ವ್ಯಾಪಾರಿಯದು. ಕಸುಬು ಹಾಜರಿ ಪುಸ್ತಕದಲ್ಲೇ ಇಲ್ಲದ ಮೇಸ್ತ್ರಿಗಳದು. ಕೊಳ್ಳುವವನ ಪಾಲಿಗೆ ಖಚಿತವಾಗಿ ಬರುವುದು ಒಂದೆರಡು ಗ್ರೈಂಡರ್, ಒಂದು ಪ್ರೆಸ್, ಅರ್ಧಂಬರ್ಧ ಆದ ಸ್ಟಾಕು.

ಆ ಸ್ಟಾಕಿನಿಂದಲೇ ಪರೀಕ್ಷೆ ಶುರುವಾಗಬೇಕು. ಗೋದಾಮಿನ ಚೀಲದಿಂದ ನಾವೇ ಆರಿಸಿ ಒಂದು ಆರ್ಟರಿ ಫೋರ್ಸೆಪ್ಸ್ ತೆಗೆದುಕೊಂಡು, ಹಿಡಿಕೆಯ ಲಾಕನ್ನು ಮೊದಲ ಹಲ್ಲಿಗೆ ಕಚ್ಚಿಸಿ ಬೆಳಕಿಗೆ ಹಿಡಿಯಬೇಕು. ತುದಿಗಳು ಮೊದಲು ಕೂಡಬೇಕು. ಕೊನೆಯ ಹಲ್ಲಿಗೆ ಬರುವಾಗ ದವಡೆ ಉದ್ದಕ್ಕೂ ಮುಚ್ಚಿರಬೇಕು, ನಡುವೆ ಬೆಳಕು ಇಣುಕಬಾರದು. ಕೀಲು ಸಡಿಲವಿದ್ದರೆ ತುದಿ ಪಕ್ಕಕ್ಕೆ ಜಾರುತ್ತದೆ, ಕಟ್ಟಬೇಕಾದ ರಕ್ತನಾಳವೂ ಜಾರುತ್ತದೆ. ಕತ್ತರಿಯಾದರೆ ತುದಿಯಲ್ಲೇ ಒದ್ದೆ ಗಾಜ್ ಬಟ್ಟೆ ಕತ್ತರಿಸಬೇಕು. ಎಳೆ ಸಿಕ್ಕಿ ಎಳೆದರೆ ಅಲಗಿನ ಹದ ಕೆಟ್ಟಿದೆ ಎಂದೇ ಅರ್ಥ. ಅಲಗಿನ ಗಡಸುತನ ರಾಕ್‌ವೆಲ್ ಸಿ ಅಳತೆಯಲ್ಲಿ 50 ದಾಟಿರಬೇಕು, ಫೋರ್ಸೆಪ್ಸ್‌ಗೆ 40ರಿಂದ 48 ಸಾಕು. ಆಮೇಲೆ ಶುದ್ಧ ನೀರಿನಲ್ಲಿ ಅರ್ಧ ಗಂಟೆ ಕುದಿಸಿ, ಕೆಲವು ಗಂಟೆ ಅದೇ ನೀರಿನಲ್ಲಿ ಬಿಟ್ಟು ಒರೆಸಿ ನೋಡಬೇಕು. ಕೀಲಿನ ಸಂದಿಯಲ್ಲಿ ತುಕ್ಕಿನ ಚುಕ್ಕೆ ಕಂಡರೆ ಉಕ್ಕೇ ಸರಿಯಿಲ್ಲ, ಇಲ್ಲವೇ ಆಮ್ಲದಲ್ಲಿ ಅದ್ದಿ ಮೈ ಶುದ್ಧಿ ಮಾಡುವ ಹಂತ ತಪ್ಪಿದೆ. ಬೇರೆ ಬೇರೆ ಚೀಲಗಳಿಂದ ಆರಿಸಿದ ಇಪ್ಪತ್ತು ತುಂಡುಗಳ ಮೇಲೆ ಹೀಗೆ ಕಳೆದ ಒಂದು ದಿನ, ಲೆಕ್ಕಪತ್ರ ನೋಡಿ ಕಳೆದ ಒಂದು ತಿಂಗಳಿಗಿಂತ ಹೆಚ್ಚು ಹೇಳುತ್ತದೆ.

ಕಾಗದ ನೋಡಬಾರದೆಂದಲ್ಲ, ಅದರ ಮಿತಿ ತಿಳಿದಿರಬೇಕು. 2017ರ ವೈದ್ಯಕೀಯ ಸಾಧನಗಳ ನಿಯಮದಡಿ ಎ ವರ್ಗದ (ಅಪಾಯ ಕಡಿಮೆಯಿರುವ), ಕ್ರಿಮಿಶುದ್ಧ ಮಾಡಿ ಮಾರದ, ಅಳತೆಯ ಕೆಲಸವಿಲ್ಲದ ಸಾಧನಗಳಿಗೆ ಪರವಾನಗಿ ಬೇಕಿಲ್ಲ. ತಯಾರಕ ತಾನೇ ಘೋಷಿಸಿ ನೋಂದಾಯಿಸಿಕೊಂಡರೆ ಸಾಕು. ಸಾದಾ ಫೋರ್ಸೆಪ್ಸ್ ಸಾಮಾನ್ಯವಾಗಿ ಇದೇ ಗುಂಪಿಗೆ ಬರುತ್ತದೆ. ಆದ್ದರಿಂದ ಗೋಡೆಗೆ ತೂಗುಹಾಕಿದ ನೋಂದಣಿ ಪತ್ರ ಗುಣಮಟ್ಟಕ್ಕೆ ಸಾಕ್ಷಿಯಲ್ಲ.

ಲಾಭದ ಅಂಕಿಯನ್ನೂ ಬಿಡಿಸಿ ನೋಡಬೇಕು. ಈ ಕಸುಬಿನಲ್ಲಿ ಜಗತ್ತಿಗೇ ಹೆಸರಾದ ಸಿಯಾಲ್‌ಕೋಟ್ ಪಾಕಿಸ್ತಾನದಲ್ಲಿದೆ. 2019ರ ಫೆಬ್ರವರಿಯಲ್ಲಿ ಅಲ್ಲಿನ ಸರಕಿಗೆ ಶೇ. 200 ಸುಂಕ ಬಿತ್ತು. 2025ರ ಮೇ ತಿಂಗಳಲ್ಲಿ ಆಮದೇ ನಿಂತಿತು. ಈಚಿನ ಲಾಭದಲ್ಲಿ ಎಷ್ಟು ಕೈಚಳಕದಿಂದ ಬಂದದ್ದು, ಎಷ್ಟು ಗಡಿ ಮುಚ್ಚಿದ್ದರಿಂದ ಬಂದದ್ದು ಎಂದು ಮಾರುವವನನ್ನು ನೇರವಾಗಿ ಕೇಳಬೇಕು. 2025ರ ಸೆಪ್ಟೆಂಬರ್ 22ರಿಂದ ಶಸ್ತ್ರಚಿಕಿತ್ಸಾ ಉಪಕರಣಗಳ ಜಿಎಸ್‌ಟಿ ಶೇ. 5ಕ್ಕೆ ಇಳಿದಿದೆ, ಉಕ್ಕಿನ ಮೇಲೆ ಶೇ. 18 ಹಾಗೇ ಇದೆ. ಉಕ್ಕಿಗೆ ಹೆಚ್ಚಾಗಿ ಕಟ್ಟಿದ ತೆರಿಗೆಯ ಹಣ ರೀಫಂಡ್ ಬರುವವರೆಗೆ ಸಿಕ್ಕಿಕೊಂಡಿರುತ್ತದೆ. ಉದ್ರಿಯಲ್ಲೇ ನಡೆಯುವ ಸಣ್ಣ ಘಟಕಕ್ಕೆ ಇದು ಸಣ್ಣ ಹೊರೆಯಲ್ಲ.

ದೊಡ್ಡವರು ಕೊಂಡಾಗಲೂ ಮೊದಲು ನೋಡಬೇಕಾದದ್ದು ಸರಕನ್ನೇ. ಬೆಂಗಳೂರಿನ ಆಪ್ಟೊ ಸರ್ಕ್ಯೂಟ್ಸ್ 2010ರಲ್ಲಿ ಅಮೆರಿಕದ ಕಾರ್ಡಿಯಾಕ್ ಸೈನ್ಸ್ ಕಂಪನಿಯನ್ನು ಕೊಂಡಿತು. ಲಯ ತಪ್ಪಿದ ಹೃದಯಕ್ಕೆ ವಿದ್ಯುತ್ ಆಘಾತ ಕೊಡುವ ಡಿಫಿಬ್ರಿಲೇಟರ್ ತಯಾರಿಸುವ ಆ ಕಂಪನಿ, ಹಿಂದಿನ ವರ್ಷವಷ್ಟೇ ಲಕ್ಷಗಟ್ಟಲೆ ಯಂತ್ರಗಳಲ್ಲಿ ದೋಷವಿರಬಹುದೆಂದು ಪ್ರಕಟಿಸಬೇಕಾಗಿ ಬಂದಿತ್ತು. ಮುಂದೆ ಆಪ್ಟೊ ಸಾಲದ ಭಾರಕ್ಕೆ ಕುಸಿಯಿತು. ಕುಸಿತಕ್ಕೆ ಈ ಖರೀದಿಯೊಂದನ್ನೇ ದೂರಲಾರೆ. ಆದರೂ ಕೊಂಡವರಿಗೆ ಕಂಪನಿಯ ಜೊತೆ ಹಳೆಯ ಯಂತ್ರಗಳ ಹೊಣೆಯೂ ಬರುತ್ತದೆ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಡ.

ಬಾರುಯಿಪುರದ ಘಟಕವನ್ನು ಕೊಳ್ಳಬಹುದು ಎಂಬುದೇ ನನ್ನ ಅಭಿಪ್ರಾಯ. ಗುಡ್‌ವಿಲ್‌ಗೆ ಕೊಡುವ ಹಣವನ್ನು ಮೇಸ್ತ್ರಿಗಳ ಕೂಲಿ ಹೆಚ್ಚಿಸಲು, ಪಾಲಿಶ್ ದೂಳು ಹೀರುವ ಫ್ಯಾನು ಹಾಕಿಸಲು, ಉಕ್ಕು ಪರೀಕ್ಷಿಸಲು ತೆಗೆದಿಡಬೇಕು. ಬೆಲೆಯ ಒಂದು ಭಾಗವನ್ನು ವರ್ಷ ಕಳೆದ ಮೇಲೆ, ಅದೇ ಕೈಗಳು ಇನ್ನೂ ಕೆಲಸದಲ್ಲಿದ್ದರೆ ಮಾತ್ರ ಕೊಡುವಂತೆ ಬರೆಸಿಕೊಳ್ಳಬೇಕು. ಸಹಿಗೆ ಮೊದಲು ಅರ ಹಾಕುವವರ, ಹದ ಮಾಡುವವರ ಮನೆಗೆ ಹೋಗಿ ಮಾತಾಡಿ. ಮಾರುವವನು ಅದಕ್ಕೆ ಅಡ್ಡಿಮಾಡಿದರೆ ಮುಂಗಡ ಕೊಡಬೇಡಿ.