ಜಲಯುದ್ಧದ ಅಳತೆಗೋಲು
‘ಆದಿಪುರಾಣ’ದ ಒಂದು ಪ್ರಸಂಗವನ್ನು ಕುರಿತು

೧

ಪಂಪನ ‘ಆದಿಪುರಾಣ’ವನ್ನು ತರಗತಿಯಲ್ಲಿ ಪಾಠ ಹೇಳುವ ನಾವು ಭರತ-ಬಾಹುಬಲಿಯರ ಪ್ರಸಂಗಕ್ಕೆ ಬಂದಾಗ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳನ್ನು ಒಂದೇ ಉಸಿರಿನಲ್ಲಿ ಹೆಸರಿಸಿ, ಚಕ್ರಪ್ರಯೋಗಕ್ಕೂ ಬಾಹುಬಲಿಯ ವೈರಾಗ್ಯಕ್ಕೂ ಧಾವಿಸುವುದು ವಾಡಿಕೆ. ದೃಷ್ಟಿಯುದ್ಧದಲ್ಲಿ ಎವೆಯಿಕ್ಕದ ನಿಶ್ಚಲತೆಯಿದೆ. ಮಲ್ಲಯುದ್ಧದಲ್ಲಿ ಅಣ್ಣನನ್ನು ಎತ್ತಿ ಹಿಡಿದ ತಮ್ಮನ ಭವ್ಯಚಿತ್ರವಿದೆ. ನಡುವಿನ ಜಲಯುದ್ಧವು ಮಾತ್ರ ಸಂಖ್ಯೆಯನ್ನು ಮೂರಾಗಿಸಲು ಬಂದ ಮಜಲೆಂಬಂತೆ ಉಪೇಕ್ಷೆಗೆ ಗುರಿಯಾಗಿದೆ. ಈ ಉಪೇಕ್ಷೆ ಉಚಿತವಲ್ಲವೆಂಬುದೂ, ಪ್ರಸಂಗದ ಒಳತಿರುಳು ಜಲಯುದ್ಧದಲ್ಲಿಯೇ ಮೊದಲು ಸ್ಪಷ್ಟವಾಗಿ ಗೋಚರಿಸುವುದೆಂಬುದೂ ಈ ಲೇಖನದ ಪ್ರತಿಪಾದ್ಯ.

‘ಆದಿಪುರಾಣ’ ಮುಗಿದುದು ಕ್ರಿ.ಶ. ೯೪೧ರಲ್ಲಿ. ಕವಿಯ ತಮ್ಮ ಜಿನವಲ್ಲಭನ ಕುರಿಕ್ಯಾಲ ಶಾಸನದಿಂದ ಅವರ ತಾಯಿ ಅಬ್ಬಣಬ್ಬೆಯು ಬೆಳ್ವೊಲದ ಅಣ್ಣಿಗೆರೆಯ ಜೋಯಿಸ ಸಿಂಘನ ಮೊಮ್ಮಗಳೆಂದು ತಿಳಿದುಬಂದಿದೆ. ಆ ಅಣ್ಣಿಗೆರೆಯೇ ಇಂದಿನ ಧಾರವಾಡ ಜಿಲ್ಲೆಯ ಅಣ್ಣಿಗೇರಿ. ಕರಿಯ ಎರೆಯ ಆ ಬಯಲುಸೀಮೆಯಲ್ಲಿ ನೀರು ಆಟದ ವಸ್ತುವಲ್ಲ, ಕಾಪಿಟ್ಟುಕೊಳ್ಳಬೇಕಾದ ಧನ. ಆದರೆ ಇಷ್ಟರಿಂದಲೇ ಪಂಪನ ಜಲವರ್ಣನೆಗೆ ಜನ್ಮಭೂಮಿಯ ಬಾಯಾರಿಕೆ ಕಾರಣವೆಂದು ಹೇಳುವುದು ಸಾಹಸವಾದೀತು. ಇಲ್ಲಿ ಅವನು ಅನುಸರಿಸಿದುದು ತನ್ನೂರನ್ನಲ್ಲ, ಜಿನಸೇನಾಚಾರ್ಯರ ಸಂಸ್ಕೃತ ಪುರಾಣವನ್ನು. ಪ್ರಕೃತ ವಿಚಾರಕ್ಕೆ ಅದೇ ಸಾಕಾದ ಆಧಾರ.

೨

ಜಲಕ್ರೀಡೆ ಬೇರೆ, ಜಲಯುದ್ಧ ಬೇರೆ ಎಂಬುದನ್ನು ಮೊದಲು ಗಮನಿಸಬೇಕು. ಮಹಾಕಾವ್ಯದಲ್ಲಿ ಬರಬೇಕಾದ ವರ್ಣನೆಗಳಲ್ಲಿ ದಂಡಿಯು ಸಲಿಲಕ್ರೀಡೆಯನ್ನೂ ಎಣಿಸಿದ್ದಾನೆ. ನಮ್ಮ ಚಂಪೂಕವಿಗಳು ಅದನ್ನು ಶ್ರದ್ಧೆಯಿಂದ ಪಾಲಿಸಿದ್ದಾರೆ. ಅಂತಹ ವರ್ಣನೆಗಳಲ್ಲಿ ಗೆಲ್ಲುವವರಿಲ್ಲ, ಸೋಲುವವರಿಲ್ಲ. ನೀರು ಶೃಂಗಾರಕ್ಕೆ ಉದ್ದೀಪನವಷ್ಟೆ. ಜಲಯುದ್ಧದಲ್ಲಾದರೋ ನಿಯಮವುಂಟು, ಸಾಕ್ಷಿಗಳುಂಟು, ನಿರ್ಣಯವುಂಟು. ಎರಡು ಸೇನೆಗಳ ನಿರರ್ಥಕ ಸಂಹಾರವನ್ನು ತಪ್ಪಿಸಲು ಮಂತ್ರಿಗಳು ಸೂಚಿಸಿದ ಏರ್ಪಾಡು ಇದು. ರಾಜ್ಯ ಯಾರಿಗೆಂಬ ಪ್ರಶ್ನೆಯನ್ನು ಎತ್ತಿದವರೇ ಅದರ ಭಾರವನ್ನೂ ಹೊರಲಿ ಎಂಬುದು ಅದರ ನೀತಿ. ಇಂದಿನ ಮಾತಿನಲ್ಲಿ ಹೇಳುವುದಾದರೆ ಯುದ್ಧವು ಇಲ್ಲಿ ಪಂದ್ಯವಾಗಿ ಮಾರ್ಪಡುತ್ತದೆ.

ಪಂದ್ಯವಾದೊಡನೆ ಅಳತೆಯ ಪ್ರಶ್ನೆ ಏಳುತ್ತದೆ. ಪುರಾಣವು ಅದನ್ನು ಮುಚ್ಚಿಡುವುದಿಲ್ಲ. ಭರತನ ಎತ್ತರ ೫೦೦ ಧನುಸ್ಸು, ಬಾಹುಬಲಿಯದು ೫೨೫ ಧನುಸ್ಸು. ಅಣ್ಣನು ಎರಚಿದ ನೀರು ತಮ್ಮನ ಎದೆಯನ್ನು ತಾಗಿ ಕೆಳಗಿಳಿಯುತ್ತದೆ. ತಮ್ಮನು ಎರಚಿದುದು ಅಣ್ಣನ ಮುಖವನ್ನೇ ಮುಚ್ಚುತ್ತದೆ. ನಿರ್ಣಯ ನಿಸ್ಸಂದಿಗ್ಧ. ಆದರೆ ಗೆದ್ದುದು ಯಾವುದು? ಬಾಹುಬಲಿಯ ಅಭ್ಯಾಸವೋ, ಪರಾಕ್ರಮವೋ, ಹುಟ್ಟಿನಿಂದ ಬಂದ ೨೫ ಧನುಸ್ಸಿನ ಹೆಚ್ಚಳವೋ?

೩

ಈ ಪ್ರಶ್ನೆಯು ಕಾವ್ಯಕ್ಕೆ ಹೊರಗಿನದೆಂದು ಕೆಲವರಿಗೆ ತೋರಬಹುದು. ನೀರಿನ ಮೇಲಣ ನಿಜವಾದ ಸ್ಪರ್ಧೆಗಳನ್ನು ನೋಡಿದರೆ ಇದು ಎಷ್ಟು ಮೂಲಭೂತವಾದುದೆಂದು ತಿಳಿಯುತ್ತದೆ. ಎರಡು ನಿದರ್ಶನಗಳನ್ನು ತೆಗೆದುಕೊಳ್ಳೋಣ.

ಮೊದಲನೆಯದು ನಮ್ಮ ಕರಾವಳಿಯ ಕಂಬಳ. ಅದರಲ್ಲಿ ನೇಗಿಲು, ಹಗ್ಗ, ಅಡ್ಡಹಲಗೆ, ಕನೆಹಲಗೆ ಎಂಬ ವಿಭಾಗಗಳಿವೆ. ಮೊದಲ ಮೂರರಲ್ಲಿ ವೇಗವೇ ಪ್ರಧಾನ. ಕನೆಹಲಗೆಯ ಕ್ರಮ ಬೇರೆ. ಕೋಣಗಳ ಜೋಡಿಯು ಎಳೆಯುವ, ರಂಧ್ರಗಳುಳ್ಳ ಹಲಗೆಯ ಮೇಲೆ ಓಟಗಾರನು ಕಾಲೂರಿ ನಿಲ್ಲುತ್ತಾನೆ. ನೀರು ರಂಧ್ರಗಳ ಮೂಲಕ ಮೇಲಕ್ಕೆ ಚಿಮ್ಮುತ್ತದೆ. ಕರೆಯ ಮೇಲೆ ಅಡ್ಡಲಾಗಿ ಕಟ್ಟಿದ ಬಟ್ಟೆಯ ನಿಶಾನಿಯನ್ನು ಆ ನೀರು ಮುಟ್ಟಬೇಕು. ನಿಶಾನಿಯ ಎತ್ತರ ಆರೂವರೆ ಕೋಲು, ಏಳೂವರೆ ಕೋಲು ಎಂದು ಗೊತ್ತುಮಾಡಿರುತ್ತಾರೆ. ‘ನೀರು ನೋಡಿ ಬಹುಮಾನ’ ಎಂಬುದು ಅಲ್ಲಿನ ನುಡಿ. ಇಲ್ಲಿ ಗುರಿ ಎದುರಾಳಿಯ ಮುಖವಲ್ಲ, ಎಲ್ಲರಿಗೂ ಸಮಾನವಾದ ಒಂದು ಗುರುತು. ಓಟಗಾರನ ಎತ್ತರ ಎಷ್ಟೇ ಇರಲಿ, ನಿಶಾನಿ ಕದಲದು. ಭರತನಿಗೆ ದೊರೆಯದಿದ್ದ ನ್ಯಾಯ ಇಲ್ಲಿ ಓಟಗಾರನಿಗೆ ದೊರೆತಿದೆ.

ಎರಡನೆಯದು ಪಾಶ್ಚಾತ್ಯರ ವಾಟರ್ ಸ್ಕೀಯಿಂಗ್. ೧೯೨೨ರಲ್ಲಿ ಅಮೆರಿಕದ ಮಿನ್ನೆಸೋಟಾ ಪ್ರಾಂತದ ಪೆಪಿನ್ ಸರೋವರದಲ್ಲಿ ರಾಲ್ಫ್ ಸ್ಯಾಮ್ಯುಯೆಲ್‌ಸನ್ ಎಂಬ ತರುಣನು ದೋಣಿಯ ಹಿಂದೆ ಹಗ್ಗ ಹಿಡಿದು, ಎರಡು ಹಲಗೆಗಳ ಮೇಲೆ ನಿಂತು ನೀರಿನ ಮೇಲೆ ಜಾರಿದುದು ಇದರ ಆರಂಭ. ೧೯೭೨ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಇದು ಪ್ರದರ್ಶನ ಕ್ರೀಡೆಯಾಗಿತ್ತು. ಸ್ಲಾಲಂ, ಚಮತ್ಕಾರ, ನೆಗೆತ ಎಂಬ ಮೂರು ಅಂಗಗಳಲ್ಲಿ ನಮಗೆ ಇಲ್ಲಿ ಬೇಕಾದುದು ಸ್ಲಾಲಂ. ಸ್ಪರ್ಧಿಯು ಆರು ತೇಲುಗುಂಡುಗಳನ್ನು ಎಡಬಲವಾಗಿ ಬಳಸಿ ಸಾಗಬೇಕು. ದೋಣಿಯ ವೇಗ ಗರಿಷ್ಠಮಿತಿಗೆ, ಪುರುಷರಿಗೆ ಗಂಟೆಗೆ ೫೮ ಕಿಲೋಮೀಟರಿಗೆ, ಏರಿದ ಮೇಲೆ ಹಗ್ಗವನ್ನು ಹಂತಹಂತವಾಗಿ ಕುಗ್ಗಿಸುತ್ತಾರೆ. ಪಂದ್ಯಕ್ಕೆಂದೇ ನಿರ್ಮಿಸಿದ ದೋಣಿಯ ವೈಶಿಷ್ಟ್ಯವನ್ನು ಗಮನಿಸಿರಿ. ಹಗ್ಗ ಕಟ್ಟುವ ಕಂಬ ದೋಣಿಯ ನಡುಭಾಗದಲ್ಲಿರುತ್ತದೆ. ಸ್ಪರ್ಧಿಯ ಸೆಳೆತಕ್ಕೆ ದಿಕ್ಕು ತಪ್ಪದಂತೆ ತಳದಲ್ಲಿ ರೆಕ್ಕೆಗಳಿರುತ್ತವೆ. ಹಿಂದೆ ಬಿಡುವ ಅಲೆ ಆದಷ್ಟೂ ತಗ್ಗಾಗಿರುವಂತೆ ತಳವನ್ನು ರೂಪಿಸಿರುತ್ತಾರೆ. ವೇಗವನ್ನು ಈಗ ಉಪಗ್ರಹದ ನೆರವಿನಿಂದ ಯಂತ್ರವೇ ಕಾಯುತ್ತದೆ. ತನ್ನ ಇರವನ್ನು ತಾನೇ ಅಡಗಿಸಿಕೊಳ್ಳುವುದು ಈ ದೋಣಿಯ ಪರಮಗುಣ. ಒಬ್ಬನಿಗೆ ಒಲಿದು ಇನ್ನೊಬ್ಬನಿಗೆ ಮುನಿಯದ ನೀರನ್ನು ಒದಗಿಸುವುದೇ ಅದರ ಕೆಲಸ.

ಇಷ್ಟೆಲ್ಲ ಸಮತೆಯ ಕೊನೆಗೆ ಉಳಿಯುವುದೇನು? ದೋಣಿಯ ಹಾದಿಯ ನಡುಗೆರೆಯಿಂದ ತೇಲುಗುಂಡಿಗೆ ೧೧.೫ ಮೀಟರ್ ದೂರ. ಹಗ್ಗವು ೯.೭೫ ಮೀಟರಿಗೆ ಇಳಿದಾಗ ಕೊರತೆಯಾಗುವ ೧.೭೫ ಮೀಟರನ್ನಾದರೂ ಸ್ಪರ್ಧಿಯು ಬಾಗಿದ ದೇಹದಿಂದ, ಚಾಚಿದ ತೋಳಿನಿಂದ ತುಂಬಬೇಕು. ಎತ್ತರದವನಿಗೆ ಅಲ್ಲಿ ಅನುಕೂಲ ಹೆಚ್ಚೆಂಬುದು ಸ್ಪಷ್ಟ. ಯಂತ್ರ, ನಿಯಮ, ಅಳತೆಗಳಿಂದ ಎಲ್ಲವನ್ನೂ ಸಮಗೊಳಿಸಿದ ಮೇಲೆಯೂ ಬಾಹುಬಲಿಯ ೨೫ ಧನುಸ್ಸು ಬೇರೆ ವೇಷದಲ್ಲಿ ಮರಳಿ ಬಂದು ನಿಂತಿದೆ!

೪

ಇದರಿಂದ ಫಲಿಸುವ ಮಾತು ಇದು: ಪಂದ್ಯವು ಗೆದ್ದವನನ್ನು ತೋರಿಸಬಲ್ಲುದು, ಅರ್ಹನನ್ನು ತೋರಿಸಲಾರದು. ಪುರಾಣಕಾರನು ಎತ್ತರದ ಅಂಕಿಯನ್ನು ಹೇಳಿದುದು ಲೆಕ್ಕದ ಚಪಲದಿಂದಲ್ಲ. ಜಲಯುದ್ಧದಲ್ಲಿ ಗೆಲುವಿನ ಕಾರಣ ದೇಹವೆಂದು ಒಮ್ಮೆ ಕಂಡಮೇಲೆ, ಮಲ್ಲಯುದ್ಧದ ಗೆಲುವೂ ಅದೇ ಬೆಳಕಿನಲ್ಲಿ ಕಾಣುತ್ತದೆ. ಬಾಹುಬಲಿಯು ಮೂರರಲ್ಲಿಯೂ ಗೆಲ್ಲುತ್ತಾನೆ. ನಿಯಮ ಮೀರಿ ಭರತನು ಎಸೆದ ಚಕ್ರವೂ ಅವನನ್ನು ಬಲಗೊಂಡು ನಿಲ್ಲುತ್ತದೆ. ಆ ಕ್ಷಣದಲ್ಲಿ ಅವನು ರಾಜ್ಯವನ್ನು ತೊರೆಯುತ್ತಾನೆ. ಅಣ್ಣನ ಅಧರ್ಮಕ್ಕೆ ಹೇಸಿ ತೊರೆದನೆಂಬುದು ರೂಢಿಯ ವಿವರಣೆ. ಅದು ಸುಳ್ಳಲ್ಲ, ಆದರೆ ಅಪೂರ್ಣ. ಮುಂದೆ ಅವನು ತಪಸ್ಸಿನಲ್ಲಿ ನಿಶ್ಚಲವಾಗಿ ನಿಲ್ಲಿಸುವುದು ತನಗೆ ಗೆಲುವನ್ನು ತಂದ ಆ ದೇಹವನ್ನೇ. ನೀರಿನಲ್ಲಿ ಅನುಕೂಲವಾಗಿದ್ದ ಎತ್ತರವು ಬಳ್ಳಿ ಹಬ್ಬುವ, ಹುತ್ತ ಏರುವ ಕಂಬವಾಗುತ್ತದೆ. ಜಲಯುದ್ಧವನ್ನು ಬಿಟ್ಟು ಓದಿದರೆ ಈ ಸಂಬಂಧವು ಕೈತಪ್ಪುತ್ತದೆ.

ಕಂಬಳದ ನಾಡಾದ ಮೂಡಬಿದಿರೆಯ ರತ್ನಾಕರವರ್ಣಿಯು ‘ಭರತೇಶ ವೈಭವ’ದಲ್ಲಿ (೧೫೫೭) ಈ ಸ್ಪರ್ಧೆಯನ್ನೇ ನಡೆಯಗೊಡದೆ, ಭರತನ ಮೃದುವಚನದಿಂದ ತಮ್ಮನನ್ನು ಗೆಲ್ಲಿಸುತ್ತಾನೆ. ಭರತನೇ ನಾಯಕನಾದ ಕಾವ್ಯದಲ್ಲಿ ಅವನ ಸೋಲಿಗೆ ಎಡೆಯಿಲ್ಲವೆಂಬ ಔಚಿತ್ಯವನ್ನು ಒಪ್ಪಬಹುದು. ಆದರೆ ಗೆದ್ದವನೇ ಗೆಲುವನ್ನು ಬಿಟ್ಟು ನಡೆಯುವ ಬೆರಗು ಅಲ್ಲಿ ಇಲ್ಲವಾಗುತ್ತದೆ. ರತ್ನಾಕರನಿಗೆ ದೊರೆತುದು ಸೌಜನ್ಯ, ಕಳೆದುಹೋದುದು ಪ್ರಶ್ನೆ.

೫

ಅಳತೆಯ ಪ್ರಶ್ನೆಯಂತೆಯೇ ಭಾರದ ಪ್ರಶ್ನೆಯೊಂದಿದೆ. ಪಂದ್ಯದ ಎಳೆತವನ್ನು ಯಾರು ಹೊರುತ್ತಾರೆ? ವಾಟರ್ ಸ್ಕೀಯಿಂಗ್‌ನಲ್ಲಿ ಯಂತ್ರವೂ ಸಿರಿವಂತಿಕೆಯೂ ಹೊರುತ್ತವೆ. ದೋಣಿ, ಇಂಧನ, ಸರೋವರಗಳು ದೊರೆಯದವನಿಗೆ ಆ ಸಮತೆಯ ಬಾಗಿಲೇ ತೆರೆಯದು. ಕಂಬಳದಲ್ಲಿ ಕೋಣ ಹೊರುತ್ತದೆ. ೨೦೧೪ರ ಸರ್ವೋಚ್ಚ ನ್ಯಾಯಾಲಯದ ತೀರ್ಪು, ೨೦೧೬ರಲ್ಲಿ ಕಂಬಳಕ್ಕೆ ಬಂದ ತಡೆ, ೨೦೧೭ರ ರಾಜ್ಯದ ತಿದ್ದುಪಡಿ, ಅದನ್ನು ಎತ್ತಿಹಿಡಿದ ೨೦೨೩ರ ಮೇ ೧೮ರ ಸಂವಿಧಾನಪೀಠದ ತೀರ್ಪು, ಇವೆಲ್ಲ ಈ ಒಂದೇ ಪ್ರಶ್ನೆಯ ಸುತ್ತ ನಡೆದ ವಿಚಾರಣೆಗಳು. ಕೋಣಕ್ಕಿಂತ ಮೊದಲು ಮನುಷ್ಯನೇ ಹೊತ್ತುದೂ ಉಂಟು. ಕಂಬಳದ ಹಿಂದಿನ ರಾತ್ರಿ ಕೊರಗರನ್ನು ಕರೆಯಲ್ಲಿ ಓಡಿಸುತ್ತಿದ್ದ ಕ್ರೌರ್ಯವು ಅಜಲು ಪದ್ಧತಿಗೆ ಸೇರಿದುದು; ಆ ಪದ್ಧತಿಯನ್ನು ೨೦೦೦ದ ಕಾಯಿದೆಯು ನಿಷೇಧಿಸಿತು. ನಿಶಾನಿಯ ಸಮತೆಯನ್ನು ಮೆಚ್ಚುವ ವಿಮರ್ಶಕನು ಈ ಇತಿಹಾಸವನ್ನು ಮರೆಯುವಂತಿಲ್ಲ.

ಈ ದೃಷ್ಟಿಯಿಂದ ನೋಡಿದಾಗ ಜಲಯುದ್ಧದ ಹಿರಿಮೆ ಇನ್ನೊಂದು ತೆರನಾಗಿ ಹೊಳೆಯುತ್ತದೆ. ಅಳತೆಯಲ್ಲಿ ಅದು ಅಸಮವಾದ ಪಂದ್ಯ. ಭಾರದ ಹಂಚಿಕೆಯಲ್ಲಿ ಮಾತ್ರ ನ್ಯಾಯವಾದುದು. ಯಾರ ಆಸೆಗಾಗಿ ಸ್ಪರ್ಧೆಯೋ ಅವರೇ ನೀರಿಗಿಳಿದಿದ್ದಾರೆ. ಸೇನೆ ದಡದಲ್ಲಿ ನಿಂತು ನೋಡುತ್ತದೆ, ಯಾರೂ ಸಾಯುವುದಿಲ್ಲ. ನಮ್ಮ ಕಾಲದ ಕ್ರೀಡೆಯು ಅಳತೆಯನ್ನು ಬಹುಮಟ್ಟಿಗೆ ತಿದ್ದಿಕೊಂಡಿದೆ, ಭಾರವನ್ನು ಇನ್ನೂ ತಿದ್ದಿಕೊಳ್ಳಬೇಕಾಗಿದೆ. ವಿದ್ಯಾರ್ಥಿಗಳಿಗೆ ಈ ಪ್ರಸಂಗವನ್ನು ಬೋಧಿಸುವಾಗ ನಡುವಣ ಯುದ್ಧದಲ್ಲಿ ಸ್ವಲ್ಪ ಹೊತ್ತು ನಿಲ್ಲುವುದು ಒಳಿತು. ಗೆದ್ದವರು ಯಾರೆಂದು ಅವರು ಬಲ್ಲರು. ಯಾವ ಕೋಲಿನಿಂದ ಅಳೆದು, ಯಾರ ಹೆಗಲ ಮೇಲೆ ಗೆದ್ದರೆಂಬುದನ್ನು ಕೇಳುವ ಅಭ್ಯಾಸ ಅಲ್ಲಿಂದ ಆರಂಭವಾಗಲಿ.